ಗುಳಿಗೆ ನುಂಗಿದ ಆರನೇ ದಿನ ದದ್ದು: ಅದು ಅಲರ್ಜಿಯೇ?

ಪ್ರಶ್ನೆ: ನಮ್ಮ ಅವ್ವನಿಗೆ 62 ವರ್ಷ. ಕಳೆದ ವರ್ಷ ಕಾಲಿನ ಗಾಯ ಕೀವಾದಾಗ ವೈದ್ಯರು ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಕೂಡಿದ ಗುಳಿಗೆ ಬರೆದುಕೊಟ್ಟಿದ್ದರು. ಎರಡನೇ ದಿನ ಭೇದಿ ಶುರುವಾಯಿತು. ಆರನೇ ದಿನ ಎದೆ, ಬೆನ್ನಿನ ಮೇಲೆ ಕೆಂಪು ದದ್ದು ಎದ್ದವು. ಔಷಧ ಅಂಗಡಿಯವರು ‘ಇದು ಪೆನಿಸಿಲಿನ್ ಅಲರ್ಜಿ, ಇನ್ನೆಂದೂ ಕೊಡಬೇಡಿ’ ಎಂದರು. ಈಗ ಹಲ್ಲಿನ ಬುಡದಲ್ಲಿ ಕೀವಾಗಿದೆ. ಅಲರ್ಜಿ ಎಂದ ಕೂಡಲೇ ಹುಬ್ಬಳ್ಳಿಯ ದಂತವೈದ್ಯರು ಔಷಧ ಬರೆಯಲು ಹಿಂಜರಿದರು. ಏನು ಮಾಡಬೇಕು?
— ಓದುಗರು, ರಾಣೇಬೆನ್ನೂರು

ಉತ್ತರ: ಅಮಾಕ್ಸಿಸಿಲಿನ್ ಪೆನಿಸಿಲಿನ್ ಗುಂಪಿನದೇ ಪ್ರತಿಜೀವಕ; ಅಂಗಡಿಯವರು ಪೆನಿಸಿಲಿನ್ ಹೆಸರು ಹೇಳಿದ್ದು ಅದಕ್ಕೇ. ಆದರೆ ನಿಮ್ಮ ತಾಯಿಯವರಿಗೆ ಆದದ್ದು ಎರಡು ಬೇರೆ ಬೇರೆ ತೊಂದರೆಗಳು. ಭೇದಿ ಅಲರ್ಜಿಯಲ್ಲ. ಪ್ರತಿಜೀವಕವು ರೋಗಾಣುಗಳೊಂದಿಗೆ ಕರುಳಿನ ಉಪಕಾರಿ ಬ್ಯಾಕ್ಟೀರಿಯಗಳನ್ನೂ ಕೊಲ್ಲುವುದರಿಂದ ಹಾಗಾಗುತ್ತದೆ, ಮತ್ತು ಕ್ಲಾವುಲನೇಟ್ ಕೂಡಿದ ಗುಳಿಗೆಯಲ್ಲಿ ಅದು ತೀರ ಸಾಮಾನ್ಯ. ಆದರೆ ಭೇದಿ ನಿಲ್ಲದೆ ಜ್ವರ, ಹೊಟ್ಟೆನೋವು ಅಥವಾ ರಕ್ತ ಕಾಣಿಸಿಕೊಂಡರೆ, ಅದು ಗುಳಿಗೆ ಮುಗಿದು ಕೆಲವು ವಾರಗಳಾದ ಮೇಲೆ ಆಗಿದ್ದರೂ ಸಹ, ಭೇದಿ ಕಟ್ಟುವ ಮಾತ್ರೆ ನುಂಗದೆ ವೈದ್ಯರಿಗೆ ತೋರಿಸಬೇಕು.

ದದ್ದಿನ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಅದು ಯಾವಾಗ ಎದ್ದಿತು ಎಂಬುದು. ಗುಳಿಗೆ ನುಂಗಿದ ಒಂದು ತಾಸಿನೊಳಗೆ ಮೈಯೆಲ್ಲ ತುರಿಸುವ ಪಿತ್ತಗಂಧೆ ಎದ್ದು, ತುಟಿ ಅಥವಾ ನಾಲಿಗೆ ಬಾತು, ಉಸಿರು ಕಟ್ಟಿದರೆ ಅದು ಜೀವಕ್ಕೆ ಅಪಾಯ ತರುವ ಅಲರ್ಜಿ. ಆಗ ತಡಮಾಡದೆ 108ಕ್ಕೆ ಕರೆ ಮಾಡಬೇಕು. ದಿನಗಳ ನಂತರ ಏಳುವ ದದ್ದಿನೊಂದಿಗೆ ಬಾಯಲ್ಲಿ ಹುಣ್ಣು, ಕಣ್ಣು ಕೆಂಪಾಗುವುದು, ಚರ್ಮದಲ್ಲಿ ಗುಳ್ಳೆ ಎದ್ದು ಸುಲಿಯುವುದು ಸೇರಿದ್ದರೆ ಅದು ಇನ್ನೊಂದು ಗಂಭೀರ ಸ್ಥಿತಿ, ಅಂಥವರಿಗೆ ಆ ಔಷಧವನ್ನು ಪರೀಕ್ಷೆಗೆಂದು ಕೂಡ ಮತ್ತೆ ಕೊಡಬಾರದು. ಇವೆರಡೂ ಅಲ್ಲದೆ, ಐದಾರು ದಿನಗಳ ಮೇಲೆ ಎದೆ, ಬೆನ್ನಿನ ಮೇಲೆ ಎದ್ದು ತಾನಾಗಿ ಅಡಗುವ ಕೆಂಪು ದದ್ದು ಅಮಾಕ್ಸಿಸಿಲಿನ್ ತೆಗೆದುಕೊಂಡವರಲ್ಲಿ ಅಪರೂಪವೇನಲ್ಲ; ಅದು ಬಹುಪಾಲು ನಿರುಪದ್ರವಿ. ನಿಮ್ಮ ವಿವರಣೆ ಈ ಬಗೆಗೇ ಹತ್ತಿರವಾಗಿದೆ, ಆದರೂ ರೋಗಿಯನ್ನು ಕಾಣದೆ ತೀರ್ಪು ಕೊಡಲಾರೆ.

ನಮ್ಮ ಹಾವೇರಿ, ಗದಗ ಕಡೆಯವರು ‘ಆ ಗುಳಿಗೆ ನನಗೆ ಆಗಿಬರುವುದಿಲ್ಲ’ ಎಂದು ಹೇಳುವುದುಂಟು. ಯಾವ ಗುಳಿಗೆ, ಏನಾಯಿತು ಎಂದು ಕೇಳಿದರೆ ಬಣ್ಣದ ಹೊರತು ಬೇರೇನೂ ನೆನಪಿರುವುದಿಲ್ಲ. ಪೆನಿಸಿಲಿನ್ ಅಲರ್ಜಿ ಎಂದು ಹೇಳಿಕೊಂಡವರನ್ನು ಅಮೆರಿಕದಲ್ಲಿ ಕ್ರಮವಾಗಿ ಪರೀಕ್ಷಿಸಿದಾಗ ನೂರಕ್ಕೆ ಸುಮಾರು 90 ಮಂದಿಗೆ ಅದು ಇರಲೇ ಇಲ್ಲ. ಹಾಗೆಂದು ಹಣೆಪಟ್ಟಿಯನ್ನು ಅಲಕ್ಷಿಸಿ ಮನೆಯಲ್ಲಿಯೇ ಒಂದು ಗುಳಿಗೆ ಕೊಟ್ಟು ನೋಡುವುದು ಸಲ್ಲದು. ಅಲರ್ಜಿ ತಜ್ಞರು ವಿವರ ಕೇಳಿ, ಅಗತ್ಯವಿದ್ದರೆ ಆಸ್ಪತ್ರೆಯ ನಿಗಾದಲ್ಲಿ ಅಲ್ಪ ಪ್ರಮಾಣ ಕೊಟ್ಟು ನಿರ್ಧರಿಸುತ್ತಾರೆ. ಇಂಜೆಕ್ಷನ್‌ಗೆ ಮೊದಲು ಮುಂಗೈಗೆ ಚುಚ್ಚಿ ಅರ್ಧ ತಾಸು ಕಾಯುವ ಪರೀಕ್ಷೆಯಿಂದ ಆರನೇ ದಿನದ ದದ್ದನ್ನು ಮುಂಗಾಣಲಾಗದು ಎಂಬುದನ್ನೂ ಹೇಳಬೇಕು.

ತಪ್ಪು ಹಣೆಪಟ್ಟಿಗೂ ಬೆಲೆಯುಂಟು. ಪೆನಿಸಿಲಿನ್ ಬೇಡವೆಂದಾಗ ಹಲ್ಲಿನ ಸೋಂಕಿಗೆ ಬಳಸುವ ಕ್ಲಿಂಡಾಮೈಸಿನ್‌ನಿಂದ ತೀವ್ರ ಸ್ವರೂಪದ ಭೇದಿಯಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಹಳೆಯ ಚೀಟಿಯನ್ನು ಹುಡುಕಿ ತೆಗೆದು, ಔಷಧದ ಹೆಸರು, ದದ್ದು ಎದ್ದ ದಿನ, ಉಸಿರಾಟ ಮತ್ತು ಬಾಯಿಯ ತೊಂದರೆ ಇತ್ತೇ ಇಲ್ಲವೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ದಂತವೈದ್ಯರ ಮುಂದಿಡಿ. ಇಂಥ ಅಡ್ಡಪರಿಣಾಮಗಳನ್ನು ಭಾರತ ಸರ್ಕಾರದ ಔಷಧ ನಿಗಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ರೋಗಿಯ ಮನೆಯವರೂ ತಿಳಿಸಬಹುದು.

ಇನ್ನು ಹಲ್ಲಿನ ಮಾತು. ಕೀವನ್ನು ಹೊರತೆಗೆದು ಹಲ್ಲಿಗೆ ಚಿಕಿತ್ಸೆ ಮಾಡುವುದೇ ಅಲ್ಲಿ ಮುಖ್ಯ. ಜ್ವರವಿಲ್ಲದೆ, ಬಾವು ಮುಖ ಅಥವಾ ಕುತ್ತಿಗೆಗೆ ಹರಡದೆ ಇದ್ದರೆ ಎಷ್ಟೋ ವೇಳೆ ಪ್ರತಿಜೀವಕವೇ ಬೇಕಾಗುವುದಿಲ್ಲ. ಅಲರ್ಜಿಯ ನಿರ್ಧಾರಕ್ಕಾಗಿ ಆ ಚಿಕಿತ್ಸೆಯನ್ನು ಮುಂದೂಡಬೇಡಿ.