ಚುಕ್ಕೆ ಆಕಾಶದಿಂದ, ಮ್ಯಾಪ್ ಟವರ್‌ನಿಂದ

ಪ್ರಶ್ನೆ: ಕಳೆದ ರಜೆಯಲ್ಲಿ ಮನೆಯವರೆಲ್ಲ ಕಾರಿನಲ್ಲಿ ಸಾಗರದಿಂದ ಕೊಲ್ಲೂರಿಗೆ ಹೊರಟಿದ್ದೆವು. ಕಾಡು ಶುರುವಾಗುತ್ತಿದ್ದ ಹಾಗೆ ನೆಟ್‌ವರ್ಕ್ ಹೋಯಿತು. ಮೊಬೈಲ್‌ನಲ್ಲಿ ನಮ್ಮ ನೀಲಿ ಚುಕ್ಕೆ ಮುಂದೆ ಹೋಗುತ್ತಲೇ ಇತ್ತು, ಆದರೆ ಅದರ ಕೆಳಗೆ ರಸ್ತೆಯೂ ಇಲ್ಲ, ಊರೂ ಇಲ್ಲ, ಬರೀ ಬೂದು ಬಣ್ಣ. ದಾರಿ ಕವಲೊಡೆದ ಕಡೆ ಯಾರಾದರೂ ಬರುತ್ತಾರಾ ಅಂತ ಇಪ್ಪತ್ತು ನಿಮಿಷ ಕಾದೆವು. ಮತ್ತೆ ಹೋಗಬೇಕು. ಡೇಟಾ ಇಲ್ಲದೆ ಜಿಪಿಎಸ್ ನಡೆಯುತ್ತಾ? ಅದಕ್ಕೆ ಬೇರೆ ಮೆಷಿನ್ ತಗೋಬೇಕಾ?
– ಓದುಗರು, ಹುಬ್ಬಳ್ಳಿ

ಉತ್ತರ: ಯಾವ ಮೆಷಿನ್ನೂ ಬೇಡ ಸರ್. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ನೆಟ್‌ವರ್ಕ್ ಸತ್ತ ಮೇಲೂ ಚುಕ್ಕೆ ಓಡುತ್ತಿತ್ತು ಅಂದಿರಲ್ಲ, ಅದೇ ಜಿಪಿಎಸ್. ಅದು ಟವರ್‌ನಿಂದ ಬರುವುದಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿ ಸುತ್ತುತ್ತಿರುವ ಉಪಗ್ರಹಗಳು ಸಿಗ್ನಲ್ ಬಿಡುತ್ತಲೇ ಇರುತ್ತವೆ. ನಿಮ್ಮ ಫೋನ್ ಅದನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ, ರೇಡಿಯೋದಲ್ಲಿ ಆಕಾಶವಾಣಿ ಕೇಳಿದ ಹಾಗೆ. ನಾಲ್ಕು ಉಪಗ್ರಹಗಳ ಸಿಗ್ನಲ್ ಸಿಕ್ಕರೆ ನೀವು ಎಲ್ಲಿದ್ದೀರಿ ಅಂತ ಲೆಕ್ಕ ಹಾಕಿಬಿಡುತ್ತದೆ. ಅದಕ್ಕೆ ಸಿಮ್ ಬೇಡ, ರೀಚಾರ್ಜ್ ಬೇಡ, ಒಂದು ಪೈಸೆ ಖರ್ಚಿಲ್ಲ.

ಡೇಟಾ ಬೇಕಾಗುವುದು ಮ್ಯಾಪ್‌ಗೆ. ರಸ್ತೆ, ಊರ ಹೆಸರು, ಹೊಳೆ, ಪೆಟ್ರೋಲ್ ಬಂಕ್ ಎಲ್ಲವೂ ಇಂಟರ್‌ನೆಟ್‌ನಿಂದ ತುಂಡು ತುಂಡಾಗಿ ಇಳಿಯುತ್ತಿರುತ್ತವೆ. ನೀವು ನೋಡಿದ ಬೂದು ಬಣ್ಣ ಅಂದರೆ ಮುಂದಿನ ತುಂಡು ಇಳಿಯಲಿಲ್ಲ ಅಂತ, ಅಷ್ಟೇ. ಆ ಮ್ಯಾಪನ್ನು ಮನೆಯ ವೈಫೈನಲ್ಲೇ ಮೊದಲು ಇಳಿಸಿಟ್ಟುಕೊಂಡರೆ ಆಯಿತು.

ಗೂಗಲ್ ಮ್ಯಾಪ್ಸ್ ತೆರೆದು ಮೇಲೆ ಬಲಗಡೆ ನಿಮ್ಮ ಫೋಟೋ ಒತ್ತಿ. ಆಫ್‌ಲೈನ್ ಮ್ಯಾಪ್ಸ್ ಅಂತ ಇರುತ್ತದೆ. ಅದರಲ್ಲಿ ನಿಮ್ಮದೇ ಜಾಗ ಆರಿಸಿ ಅಂದರೆ ಒಂದು ಚೌಕ ಬರುತ್ತದೆ. ಆ ಚೌಕದೊಳಗೆ ಹುಬ್ಬಳ್ಳಿಯಿಂದ ಕೊಲ್ಲೂರಿನವರೆಗೆ ಇಡೀ ದಾರಿ ಬರಬೇಕು, ಇದು ಮುಖ್ಯ. ಕೊಲ್ಲೂರು ಒಂದು ಬೆರಳಿನಷ್ಟು ಹೊರಗೆ ಉಳಿದರೂ ದಾರಿ ಸಿಗುವುದಿಲ್ಲ. ಒಂದೇ ಚೌಕದಲ್ಲಿ ಹಿಡಿಸದಿದ್ದರೆ ಎರಡು ಇಳಿಸಿಕೊಳ್ಳಿ. ಹೋಗುವ ದೇವಸ್ಥಾನ, ಉಳಿಯುವ ಲಾಡ್ಜ್, ನೆಂಟರ ಮನೆ ಎಲ್ಲವನ್ನೂ ಮನೆಯಲ್ಲೇ ಸೇವ್ ಮಾಡಿಡಿ, ಯಾಕೆಂದರೆ ಕಾಡಿನಲ್ಲಿ ನಿಂತು ಸಣ್ಣ ಊರಿನ ಹೆಸರು ಟೈಪ್ ಮಾಡಿದರೆ ಆಫ್‌ಲೈನ್‌ನಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ. ಆಮೇಲೆ ಒಂದು ಸಂಜೆ ಮೊಬೈಲ್ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ ದಾರಿ ಕೇಳಿ ನೋಡಿ. ತೋರಿಸಿದರೆ ಧೈರ್ಯವಾಗಿ ಹೊರಡಿ.

ನನಗೆ ಗೂಗಲ್‌ಗಿಂತ ಆರ್ಗ್ಯಾನಿಕ್ ಮ್ಯಾಪ್ಸ್ ಜಾಸ್ತಿ ಇಷ್ಟ. ಪೂರ್ತಿ ಉಚಿತ, ಜಾಹೀರಾತಿಲ್ಲ, ಶುರುವಿನಿಂದಲೂ ಆಫ್‌ಲೈನ್‌ಗೆಂದೇ ಮಾಡಿದ್ದು. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, 2004ರಿಂದ ಜನರೇ ಸೇರಿ ಬರೆಯುತ್ತಿರುವ ಮ್ಯಾಪ್ ಅದರಲ್ಲಿರುವುದು. ಕಾಲುದಾರಿಗಳೂ ಅದರಲ್ಲಿ ಕಾಣುತ್ತವೆ. ಎರಡನ್ನೂ ಇಟ್ಟುಕೊಂಡರೆ ಒಂದು ತಪ್ಪಿದರೆ ಇನ್ನೊಂದು.

ಒಮ್ಮೆ ಇಳಿಸಿದ್ದನ್ನೇ ವರ್ಷಗಟ್ಟಲೆ ನಂಬಬೇಡಿ. ನಿಮ್ಮ ದಾರಿಯನ್ನೇ ತಗೊಳ್ಳಿ. ಸಾಗರದಿಂದ ಸಿಗಂದೂರಿಗೆ ಹೋಗಬೇಕೆಂದರೆ ಹೊಳೆಬಾಗಿಲಿನಲ್ಲಿ ಕಾರನ್ನು ಲಾಂಚ್‌ಗೆ ಹತ್ತಿಸಿ ಶರಾವತಿ ಹಿನ್ನೀರು ದಾಟಬೇಕಿತ್ತು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆ ಆಯಿತು, ಎರಡು ಕಿಲೋಮೀಟರ್‌ಗೂ ಉದ್ದ. ಅದಕ್ಕಿಂತ ಮೊದಲು ಇಳಿಸಿದ ಮ್ಯಾಪ್ ನಿಮ್ಮ ಫೋನಿನಲ್ಲಿದ್ದರೆ ಅದಕ್ಕೆ ಆ ಸೇತುವೆ ಗೊತ್ತೇ ಇಲ್ಲ. ಸೇತುವೆ ಕಣ್ಣೆದುರಿಗಿದ್ದರೂ ಅದು ನಿಮ್ಮನ್ನು ಲಾಂಚ್ ಕಡೆಗೋ ಸುತ್ತು ದಾರಿಗೋ ಕಳಿಸಬಹುದು. ಹೊರಡುವ ಹಿಂದಿನ ದಿನ ಅಪ್‌ಡೇಟ್ ಮಾಡಿ. ಗುಡ್ಡ ಕುಸಿದು ಘಾಟಿ ಬಂದ್ ಆಗಿರುವುದನ್ನೂ ಆಫ್‌ಲೈನ್ ಮ್ಯಾಪ್ ಹೇಳಲಾರದು. ಮಳೆಗಾಲದಲ್ಲಾದರೆ ಘಾಟಿ ಇಳಿಯುವ ಮುಂಚೆ ಒಂದು ಚಹಾದಂಗಡಿಯಲ್ಲಿ ನಿಲ್ಲಿಸಿ ಕೇಳಿಕೊಂಡೇ ಮುಂದೆ ಹೋಗಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಜರ್ಮನಿಯ ಮ್ಯೂನಿಕ್‌ಗೆ ಹೋಗುತ್ತಿದ್ದೇನೆ, ಮೂರು ತಿಂಗಳು. ಸಂಜೆ ಒಬ್ಬಳೇ ವಾಕಿಂಗ್ ಹೋದರೆ ಮನೆಗೆ ವಾಪಸ್ ಬರುವುದು ಹೇಗೆ ಅಂತ ಭಯ. ಅಲ್ಲಿ ಮ್ಯಾಪ್ ನೋಡಿದರೆ ಸಾವಿರಾರು ರೂಪಾಯಿ ಬಿಲ್ ಬರುತ್ತದಂತೆ, ಹೌದಾ?
– ಓದುಗರು, ಮೈಸೂರು

ಉತ್ತರ: ರೋಮಿಂಗ್ ಪ್ಯಾಕ್ ಹಾಕಿಸದೆ ಡೇಟಾ ಬಳಸಿದರೆ ದುಬಾರಿ ಆಗುವುದು ನಿಜ ಅಮ್ಮಾ. ನೀವು ಮ್ಯಾಪ್ ನೋಡದಿದ್ದರೂ ವಾಟ್ಸಾಪ್, ಫೋಟೋ ಬ್ಯಾಕಪ್ ತಮ್ಮಷ್ಟಕ್ಕೆ ಡೇಟಾ ಎಳೆಯುತ್ತಿರುತ್ತವೆ. ಅದಕ್ಕೆ ವಿಮಾನ ಹತ್ತುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಆಫ್ ಮಾಡಿ. ಜಿಪಿಎಸ್‌ಗೆ ಅದರಿಂದ ಏನೂ ಆಗುವುದಿಲ್ಲ, ಆಕಾಶ ಅಲ್ಲೂ ಇದೆಯಲ್ಲ.

ನಿಮಗೆ ಗೂಗಲ್ ಆಫ್‌ಲೈನ್ ಸಾಲದು. ಅದು ಡೇಟಾ ಇಲ್ಲದಿರುವಾಗ ಗಾಡಿಯ ದಾರಿ ಮಾತ್ರ ಹೇಳುತ್ತದೆ, ನಡೆಯುವ ದಾರಿಯಾಗಲಿ ಬಸ್ಸು ಟ್ರೈನಾಗಲಿ ಹೇಳುವುದಿಲ್ಲ. ಮೇಲೆ ಹೇಳಿದ ಆರ್ಗ್ಯಾನಿಕ್ ಮ್ಯಾಪ್ಸ್ ನಡಿಗೆಯ ದಾರಿಯನ್ನೂ ಕೊಡುತ್ತದೆ. ಮ್ಯೂನಿಕ್ ಇರುವ ಭಾಗವನ್ನು ಮಗಳ ಮನೆಯ ವೈಫೈನಲ್ಲಿ ಇಳಿಸಿ. ಮನೆ ಬಾಗಿಲಲ್ಲಿ ನಿಂತು ಆ ಜಾಗವನ್ನು ಗುರುತು ಹಾಕಿ "ಮನೆ" ಅಂತ ಹೆಸರಿಡಿ. ಮೊದಲ ಎರಡು ದಿನ ಅಳಿಯನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ, ವಾಪಸ್ ಬರುವಾಗ ದಾರಿ ನೀವೇ ಹೇಳಿ. ಮನೆ ವಿಳಾಸ ಬರೆದ ಚೀಟಿ ಒಂದು ಪರ್ಸ್‌ನಲ್ಲಿ ಇರಲಿ, ಬ್ಯಾಟರಿ ಖಾಲಿಯಾದ ದಿನ ಅದೇ ದಾರಿ ತೋರಿಸುವುದು.

ಪ್ರಶ್ನೆ: ಗೂಡ್ಸ್ ಗಾಡಿ ಓಡಿಸುತ್ತೇನೆ. ಸಿಮ್ ಇಲ್ಲದ ಹಳೇ ಫೋನ್ ಒಂದಿದೆ, ಗಾಡಿಯಲ್ಲಿ ಮ್ಯಾಪ್‌ಗೆಂದೇ ಇಡಬಹುದಾ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಇಡಬಹುದು. ಮ್ಯಾಪ್ ಇಳಿಸುವಾಗ ಮಾತ್ರ ವೈಫೈ ಬೇಕು. ಸಿಮ್ ಇಲ್ಲದ ಫೋನ್ ಉಪಗ್ರಹಗಳು ಎಲ್ಲಿವೆ ಅಂತ ಇಂಟರ್‌ನೆಟ್ ಕೇಳಲು ಆಗದೆ ಉಪಗ್ರಹದಿಂದಲೇ ತಿಳಿದುಕೊಳ್ಳಬೇಕು, ಹಾಗಾಗಿ ಮೊದಲ ಸಲ ಚುಕ್ಕೆ ಬರಲು ಕೆಲವು ನಿಮಿಷ ಆಗಬಹುದು. ಗೋಡೌನ್ ಒಳಗೆ ನಿಂತು ಕೆಟ್ಟಿದೆ ಅಂದುಕೊಳ್ಳಬೇಡಿ, ಗಾಡಿಯನ್ನು ಬಯಲಿಗೆ ತಂದು ಸ್ವಲ್ಪ ಹೊತ್ತು ಬಿಡಿ. ಫೋನ್ ಬದಲು ಟ್ಯಾಬ್ ಇಡುವ ಯೋಚನೆ ಇದ್ದರೆ ವಿಚಾರಿಸಿ ತಗೊಳ್ಳಿ, ವೈಫೈ ಮಾತ್ರ ಇರುವ ಐಪ್ಯಾಡ್‌ನಂಥವುಗಳಲ್ಲಿ ಜಿಪಿಎಸ್ ಇರುವುದೇ ಇಲ್ಲ.

ಮತ್ತೆ, ಈ ಮ್ಯಾಪ್‌ಗಳು ದಾರಿ ಹೇಳುವುದು ಕಾರಿನ ಲೆಕ್ಕದಲ್ಲಿ. ನಿಮ್ಮ ಗಾಡಿಯ ಎತ್ತರ, ಲೋಡು ಅವುಗಳಿಗೆ ಗೊತ್ತಿಲ್ಲ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ, ಆದರೂ ಮ್ಯಾಪ್ ಅದೇ ಹತ್ತಿರದ ದಾರಿ ಅಂತ ತೋರಿಸಬಹುದು. ಕರಾವಳಿಗೆ ಲೋಡ್ ಸಿಕ್ಕರೆ ಯಾವ ಘಾಟಿಯಲ್ಲಿ ಇಳಿಯಬೇಕು ಅಂತ ಆ ಲೈನಿನಲ್ಲಿ ಓಡಾಡುವ ಡ್ರೈವರ್‌ಗಳನ್ನು ಮೊದಲು ಕೇಳಿಕೊಳ್ಳಿ.