ಇಂಗ್ಲೆಂಡಿನ ಸ್ಟೋ ಉದ್ಯಾನದಲ್ಲಿ ಬೇಲಿಯೇ ಕಾಣದು. ಹೊರಗೆ ಮೇಯುವ ಕುರಿಗಳು ಒಳಗೆ ಬರುವುದಿಲ್ಲ ಏಕೆ?

ಬೇಲಿ ಇದೆ, ಆದರೆ ನೆಲಮಟ್ಟಕ್ಕಿಂತ ಕೆಳಗೆ. ಅದು ‘ಹಾ-ಹಾ’ ಎಂಬ ಕಂದಕ. ಉದ್ಯಾನದ ಬದಿಯಲ್ಲಿ ನೆಟ್ಟಗಿನ ಗೋಡೆ, ಅದರ ತುದಿ ಹುಲ್ಲುಹಾಸಿಗೆ ಸಮ. ಹೊರಬದಿಯಲ್ಲಿ ಹುಲ್ಲು ಬೆಳೆದ ಇಳಿಜಾರು. ಇಳಿದು ಬಂದ ಕುರಿಗೆ ಗೋಡೆ ಅಡ್ಡವಾಗುತ್ತದೆ. ಬಂಗಲೆ ಕಡೆಯಿಂದ ನೋಡುವವರ ದೃಷ್ಟಿ ಮಾತ್ರ ಕಂದಕದ ಮೇಲಿಂದ ಹಾದುಹೋಗುವುದರಿಂದ ಉದ್ಯಾನವೂ ಹುಲ್ಲುಗಾವಲೂ ಒಂದೇ ಎನಿಸುತ್ತವೆ. ಜಮೀನು ಇರುವುದಕ್ಕಿಂತ ದೊಡ್ಡದಾಗಿ ಕಾಣುವುದೂ ಇದರಿಂದಲೇ. ಧಣಿಗಳಿಗೆ ಅದೂ ಬೇಕಿತ್ತು ಅನ್ನಿ!

18ನೇ ಶತಮಾನದ ಆರಂಭದಲ್ಲಿ ಉದ್ಯಾನ ವಿನ್ಯಾಸಕ ಚಾರ್ಲ್ಸ್ ಬ್ರಿಡ್ಜ್‌ಮನ್ ಇಲ್ಲಿ ಈ ಕಂದಕವನ್ನು ಬಳಸಿದ. ಉದ್ಯಾನವನ್ನು ಈಗ ಪರಂಪರೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಜೀರ್ಣೋದ್ಧಾರ ಮಾಡಿ ನೋಡಿಕೊಳ್ಳುತ್ತಿದೆ. ಬಂಗಲೆಯಲ್ಲಿ 1923ರಿಂದ ಶಾಲೆಯಿದೆ. ಹೋದರೆ ಹೊರಬದಿಯಿಂದಲೂ ಒಮ್ಮೆ ನೋಡಿ, ಗೋಡೆ ಆಗಷ್ಟೇ ಪೂರ್ತಿ ಕಾಣುತ್ತದೆ.