ಬ್ರಾಮ್ಸ್‌ನ ಕುಣಿತ, ಕೊಡಾಯ್‌ನ ಹಳ್ಳಿ

ಪ್ರಶ್ನೆ: ಜರ್ಮನ್ ಸಂಗೀತ ರಚನಕಾರ ಬ್ರಾಮ್ಸ್‌ನ ‘ಹಂಗೇರಿಯನ್ ನೃತ್ಯಗಳು’ ನಿಜಕ್ಕೂ ಹಂಗೇರಿಯ ಹಳ್ಳಿಗರ ಕುಣಿತದ ಮಟ್ಟುಗಳೇ? ಹಂಗೇರಿಯ ಶೈಲಿಯ ಸಂಗೀತದಲ್ಲಿ ಆಗಾಗ ನಮ್ಮ ಸಿಂಹೇಂದ್ರಮಧ್ಯಮ ರಾಗ ಕೇಳಿದಂತಾಗುವುದು ನನ್ನ ಭ್ರಮೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಭ್ರಮೆಯಲ್ಲ. ‘ಹಂಗೇರಿಯನ್ ಮೈನರ್’ ಎಂಬ ಸ್ವರಶ್ರೇಣಿಯಲ್ಲಿ ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಪ್ರತಿಮಧ್ಯಮ, ಶುದ್ಧ ಧೈವತ ಮತ್ತು ಕಾಕಲಿ ನಿಷಾದಗಳಿದ್ದು, ಅದು ನಮ್ಮ 57ನೆಯ ಮೇಳಕರ್ತ ರಾಗವಾದ ಸಿಂಹೇಂದ್ರಮಧ್ಯಮಕ್ಕೆ ಸ್ವರಶಃ ಹೊಂದುತ್ತದೆ. ಗಮಕವೂ ಸಂಚಾರವೂ ಬೇರೆಯಾದ್ದರಿಂದ ರಾಗ ಒಂದೇ ಎನ್ನಲಾಗದು, ಅಷ್ಟೆ. ಆದರೆ ಈ ಶ್ರೇಣಿ ಹೊಲಗದ್ದೆಯವರ ಹಾಡಿನಿಂದ ಬಂದದ್ದಲ್ಲ. ಪಟ್ಟಣಗಳಲ್ಲಿ ನುಡಿಸುತ್ತಿದ್ದ ರೋಮಾ (ಹಿಂದೆ ‘ಜಿಪ್ಸಿ’ ಎನ್ನುತ್ತಿದ್ದ ಸಮುದಾಯ) ವಾದಕರ ಶೈಲಿಯೊಂದಿಗೆ ಬೆಸೆದುಕೊಂಡದ್ದು.

ಬ್ರಾಮ್ಸ್ ಕೇಳಿದ್ದೂ ಆ ಪಟ್ಟಣದ ಸಂಗೀತವನ್ನೇ. 1853ರಲ್ಲಿ ಹಂಗೇರಿಯ ಪಿಟೀಲುವಾದಕ ರೆಮೇನ್ಯಿಯ ಜೊತೆ ಕಛೇರಿಗಳಿಗಾಗಿ ಊರೂರು ಸುತ್ತಿದಾಗ ಅವನಿಗೆ ಅದರ ರುಚಿ ಹತ್ತಿತು. 1869 ಮತ್ತು 1880ರಲ್ಲಿ ಪ್ರಕಟವಾದ 21 ನೃತ್ಯಗಳು ಮೂಲತಃ ಒಂದೇ ಪಿಯಾನೋದ ಮುಂದೆ ಇಬ್ಬರು ಕುಳಿತು ನುಡಿಸಲು ಬರೆದವು. ಅವುಗಳಲ್ಲಿ 1, 3 ಮತ್ತು 10ನ್ನು ಮಾತ್ರ ಅವನೇ ವಾದ್ಯವೃಂದಕ್ಕೆ ಅಳವಡಿಸಿದ. ಕೊನೆಯ ಐದನ್ನು ಚೆಕ್ ರಚನಕಾರ ದ್ವೊರ್ಜಾಕ್ ಅಳವಡಿಸಿದ. ಎಲ್ಲಕ್ಕಿಂತ ಜನಪ್ರಿಯವಾದ 5ನೆಯದು ಕೇಲೆರ್ ಬೇಲಾ ಎಂಬ ಸಮಕಾಲೀನ ರಚಿಸಿದ್ದ ಚಾರ್ಡಾಶ್ ಎಂಬ ಹಂಗೇರಿಯ ನೃತ್ಯಪ್ರಕಾರದ ಮಟ್ಟು. ಬ್ರಾಮ್ಸ್ ಅದನ್ನು ಜನಪದ ಮಟ್ಟೆಂದೇ ತಿಳಿದಿದ್ದ. ಈ ಸಂಗ್ರಹಕ್ಕೆ ಅವನು ತನ್ನ ಕೃತಿಸಂಖ್ಯೆಯನ್ನು ಕೊಡಲಿಲ್ಲ ಎಂಬುದನ್ನು ಅವನ ಪರವಾಗಿ ಹೇಳಲೇಬೇಕು.

ಹಳ್ಳಿಯ ಸಂಗೀತ ಬೆಳಕಿಗೆ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ, ಹಂಗೇರಿಯ ರಚನಕಾರರಾದ ಕೊಡಾಯ್ ಮತ್ತು ಬಾರ್ಟೋಕ್ ಫೋನೋಗ್ರಾಫ್ ಎಂಬ ಧ್ವನಿಮುದ್ರಣ ಯಂತ್ರ ಹೊತ್ತು ಹಳ್ಳಿ ತಿರುಗಿ, ರೈತರ ಹಾಡುಗಳನ್ನು ಮೇಣದ ಉರುಳೆಗಳ ಮೇಲೆ ಹಿಡಿದಿಟ್ಟಾಗ. ಅವರಿಗೆ ದೊರೆತ ಅತಿ ಹಳೆಯ ಪದರದ ಹಾಡುಗಳು ಐದೇ ಸ್ವರಗಳವು; ನಮ್ಮ ಲೆಕ್ಕದಲ್ಲಿ ಶುದ್ಧ ಧನ್ಯಾಸಿಯ ಸ್ವರಗಳು. ಸಿಂಹೇಂದ್ರಮಧ್ಯಮದ ಸುಳಿವೂ ಅಲ್ಲಿಲ್ಲ.

ಹಾಗೆಂದು ಕೊಡಾಯ್ ರೋಮಾ ವಾದಕರನ್ನು ತಿರಸ್ಕರಿಸಲಿಲ್ಲ. ಬುಡಾಪೆಸ್ಟ್ ಫಿಲ್ಹಾರ್ಮೋನಿಕ್ ಸಂಸ್ಥೆಯ 80ನೆಯ ವರ್ಷಕ್ಕಾಗಿ 1933ರಲ್ಲಿ ಬರೆದ ‘ಗಲಾಂತಾ ನೃತ್ಯಗಳು’ ಕೃತಿಗೆ ಅವನು ಆರಿಸಿಕೊಂಡದ್ದು, ಸುಮಾರು 1800ರಲ್ಲಿ ವಿಯೆನ್ನಾದಲ್ಲಿ ಅಚ್ಚಾಗಿದ್ದ, ಗಲಾಂತಾದ ಅಂಥ ವಾದಕರ ಮಟ್ಟುಗಳನ್ನೇ. ಅವನು ಬಾಲ್ಯದ ಏಳು ವರ್ಷ ಕಳೆದ ಆ ಊರು ಈಗ ಸ್ಲೊವಾಕಿಯದಲ್ಲಿದೆ. ಆ ಮಟ್ಟುಗಳ ಮುಖ್ಯ ಪ್ರಕಾರ ವೆರ್ಬುಂಕೋಶ್, ಅಂದರೆ ಹಳ್ಳಿಯ ತರುಣರನ್ನು ಸೇನೆಗೆ ಸೆಳೆಯಲು ಸಿಪಾಯಿಗಳು ಕುಣಿಯುತ್ತಿದ್ದ ನೃತ್ಯ. ಮೊದಲು ಗತ್ತಿನ ವಿಳಂಬ ನಡೆ, ಆಮೇಲೆ ಏರುತ್ತ ಹೋಗುವ ದ್ರುತ: ಕೊಡಾಯ್‌ನ ಕೃತಿಯ ಕಟ್ಟೋಣವೂ ಇದೇ. ಕ್ಲಾರಿನೆಟ್ ಒಂಟಿಯಾಗಿ ಅಲೆದಾಡಿ ಮುಖ್ಯ ಮಟ್ಟನ್ನು ಹಿಡಿಯುವ ಗಳಿಗೆಯನ್ನು ತಪ್ಪದೆ ಕೇಳಿ. ನಮ್ಮ ಆಲಾಪನೆಯಿಂದ ಪಲ್ಲವಿಗೆ ಇಳಿಯುವ ಸುಖ ಅಲ್ಲಿದೆ.

ಹಳ್ಳಿಗೆ ಇನ್ನೂ ಹತ್ತಿರವಾದುದು ಬೇಕಿದ್ದರೆ, ಈಗ ರುಮೇನಿಯದಲ್ಲಿರುವ ಟ್ರಾನ್ಸಿಲ್ವೇನಿಯಾದ ಮಟ್ಟುಗಳಿಂದ ಕೊಡಾಯ್ ಕಟ್ಟಿದ ‘ಮರೋಶ್‌ಸೇಕ್ ನೃತ್ಯಗಳು’ ಇವೆ. ಬ್ರಾಮ್ಸ್‌ನವು 1860ರ ಸುಮಾರಿನ ಪಟ್ಟಣದ ಹಂಗೇರಿಯವು, ತನ್ನವು ಅದಕ್ಕಿಂತ ಬಹಳ ಹಿಂದಿನವು ಎಂದು ಕೊಡಾಯ್ ಅದರ ಮುನ್ನುಡಿಯಲ್ಲೇ ಹೇಳಿದ್ದಾನೆ.